ಕೋಶಗಳ ಜೊತೆ ಉಪವಾಸ
ಇಬಾದಾನ್ ನಗರದ ಮಧುಮೇಹ ಪ್ರಯೋಗಾಲಯದ ಹಂಗಾಮಿ ಸಹಾಯಕ ಬೋಡುನ್ರಿನ್‌ಗೆ ತನ್ನ ಹುದ್ದೆಯ ಬಗ್ಗೆ ಭ್ರಮೆಯಿಲ್ಲ. ಮೇದೋಜೀರಕ ಗ್ರಂಥಿಯ ಕೋಶಗಳಿಗೆ ತಾನು ಊಟ ಹಾಕದ ಅಡುಗೆಯವನು ಎನ್ನುತ್ತಾನೆ. ಪ್ರಯೋಗಕ್ಕೆ ಮುಂಚೆ ಅವನ್ನು ಸಕ್ಕರೆಯಿಲ್ಲದ ದ್ರವದಲ್ಲಿ ಉಪವಾಸ ಕೆಡವಬೇಕು. ಅವು ಹಸಿದಿರುವಷ್ಟು ಹೊತ್ತು ಇವನೂ ಏನೂ ತಿನ್ನುವುದಿಲ್ಲ. “ಕೋಶಗಳಿಗೆ ನಿನ್ನ ಬಾಯಿ ಕಾಣುತ್ತೇನಯ್ಯಾ?” ಎಂದು ಜೊತೆಗೆ ಕೆಲಸ ಮಾಡುವ ಮೊರೆನಿಕೆ ಹುರಿದ ಬಾಳೆಹಣ್ಣು ಅಗಿಯುತ್ತ ಛೇಡಿಸುತ್ತಾಳೆ. “ಹಸಿದೋರ ಮುಂದೆ ಕೂತು ತಿನ್ನೋಕಾಗಲ್ಲ ಕಣೇ,” ಎಂದು ಆಕಳಿಸುತ್ತಾನೆ. ಸಂಜೆ ಮನೆಯಲ್ಲಿ ತಾಯಿಗೆ ಇದನ್ನೆಲ್ಲ ವಿವರಿಸುವುದೂ ಅವನದೇ ಕೆಲಸ: ಇನ್ಸುಲಿನ್ ತುಂಬಿದ ಚೀಲಗಳು ನಿಲ್ದಾಣದ ಬಸ್ಸುಗಳಂತೆ ಸಾಲಾಗಿ ನಿಂತಿವೆ, ಕೋಶಕ್ಕೆ ಆಕಾರ ಕೊಡುವ ಒಳಹಂದರದ ಎಳೆಗಳು ಅಂಚಿನಲ್ಲಿ ಹಗ್ಗ ಕಟ್ಟಿ ತಡೆದಿವೆ, ಸಕ್ಕರೆ ಬಂದಾಗ ಆ ಹಗ್ಗ ಸಡಿಲವಾಗಬೇಕು. “ನನ್ನ ಹಗ್ಗ ಯಾವಾಗಪ್ಪಾ ಸಡಿಲಾಗೋದು?” ಎನ್ನುತ್ತ ಆಕೆ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತಾಳೆ. “ಇನ್ನೂ ಹುಡುಕ್ತಾ ಇದೀವಮ್ಮಾ,” ಎಂಬ ಅವನ ಉತ್ತರ ಅವನಿಗೇ ಹಳಸಿದೆ. ಮದ್ದು ಹತ್ತುವ ತನಕ ಆಕೆ ಊಟಕ್ಕೆ ಕಾಯಬೇಕು. ಕುಟ್ಟಿದ ಗೆಣಸಿನ ಮುದ್ದೆ ಆರುತ್ತಿರುತ್ತದೆ. ಬೋಡುನ್ರಿನ್ ಕೈ ತೊಳೆದು, ಚಿಕ್ಕಂದಿನಿಂದ ಕೂತ ಹಾಗೆಯೇ, ತನ್ನ ತಟ್ಟೆ ಮುಟ್ಟದೆ ಅವಳೆದುರು ಕೂತಿರುತ್ತಾನೆ.