ನಮ್ಮ ಕಡೆಗೆ ಎತ್ತಿದ ಕೈ

ಕಾವೂರಿನ ನಮ್ಮ ಓಣಿಯಲ್ಲಿ ನೀರು ನಿಂತಲ್ಲಿ ನಾನು ಈಗಲೂ ನಿಂತುಬಿಡುತ್ತೇನೆ. ಹಿಂದಿನಿಂದ ಸ್ಕೂಟರಿನವರು ಹಾರ್ನ್ ಹಾಕುತ್ತಾರೆ. ತಲೆ ಎತ್ತಿ ನೋಡಿದರೆ ತಂತಿಗಳು ಕಂಬದಿಂದ ಕಂಬಕ್ಕೆ ಸರಿಯಾಗಿಯೇ ಹೋಗಿವೆ. ಆದರೂ ಕಾಲು ಏಳುವುದಿಲ್ಲ.

ನಮ್ಮ ಚರ್ಚಿನಲ್ಲಿ ಪ್ರತಿ ವಾರ್ಡಿಗೂ ಒಬ್ಬ ಗುರ್ಕಾರ ಇರುತ್ತಾರೆ. ಮನೆಮನೆಗೆ ಸುದ್ದಿ ಮುಟ್ಟಿಸುವುದು, ಕಾಯಿಲೆಯವರನ್ನು ವಿಚಾರಿಸುವುದು, ಜಗಳ ಬಿಡಿಸುವುದು ಅವರ ಕೆಲಸ. ನಮ್ಮ ಗುರ್ಕಾರರು ಗಲ್ಫಿನಿಂದ ಮರಳಿದವರು, ಜೋರು ದನಿಯವರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿಕೊಂಡಿದ್ದ ನನ್ನನ್ನು ವಾರ್ಡಿನ ಯುವಕರಿಗೆ ಬೈಬಲಿನಿಂದ ನಾಯಕತ್ವದ ಪಾಠ ಹೇಳಲು ಎಳೆದು ತಂದವರು ಅವರೇ. ತರಗತಿಯನ್ನು ಇಬ್ಬರೂ ಸೇರಿ ನಡೆಸುತ್ತಿದ್ದೆವು. ಸೇರಿ ಎಂದರೆ ಜಗಳವಾಡುತ್ತ.

ನನ್ನ ಪಾಠ ಮೋಶೆಯದು. ಯುದ್ಧ ನಡೆಯುವಾಗ ಗುಡ್ಡದ ಮೇಲೆ ಕೈ ಎತ್ತಿ ನಿಂತ ಮುದುಕ. ಕೈ ಸೋತಾಗ ಇಬ್ಬರು ಆಚೀಚೆ ನಿಂತು ಹಿಡಿಯುತ್ತಾರೆ. ನಾಯಕನಿಗೂ ಸುಸ್ತಾಗುತ್ತದೆ, ಹಿಡಿಯುವವರು ಬೇಕು ಎನ್ನುತ್ತಿದ್ದೆ. ಅವರದು ಒಳ್ಳೆಯ ಕುರುಬನ ಪಾಠ. ಕುರಿಗಳನ್ನು ಹೊರಗೆ ಬಿಟ್ಟು, ತಾನು ಅವುಗಳ ಮುಂದೆ ನಡೆಯುವವನು.

“ಹಿಂದಿನಿಂದ ನೋಡಿಕೊಳ್ಳುವವರೂ ಬೇಕಲ್ಲ ಅಂಕಲ್?” ಎಂದು ನಾನು ಕೇಳಿದರೆ, “ನಮ್ಮ ಓಣಿಯ ನಾಯಿ ಬರುವುದು ಎಲ್ಲಿಂದ ಪ್ರೊಫೆಸರೇ? ಎದುರಿನಿಂದ. ಮೊದಲು ನನ್ನನ್ನೇ ಕಚ್ಚಲಿ ಮಾರಾಯ್ತಿ. ಶುಗರಿನ ಇಂಜೆಕ್ಷನ್ ಹೇಗೂ ದಿನಾ ಉಂಟು, ಇನ್ನೊಂದು ಚುಚ್ಚಿಸಿಕೊಳ್ತೇನೆ” ಎನ್ನುತ್ತಿದ್ದರು.

ಜೂನಿನ ಒಂದು ಆದಿತ್ಯವಾರ ಸಂಜೆ, ವಾರ್ಡಿನ ಪ್ರಾರ್ಥನೆ ಮುಗಿಸಿ ಎಲ್ಲರೂ ಒಟ್ಟಿಗೆ ಮನೆಗೆ ಹೊರಟಿದ್ದೆವು. ಮಳೆ ಆಗಷ್ಟೇ ಬಿಟ್ಟಿತ್ತು, ಇನ್ನೂ ಬೆಳಕಿತ್ತು. ಓಣಿಯ ತಗ್ಗಿನಲ್ಲಿ ಕೆಂಪು ನೀರು ತುಂಬಿ, ಅದಕ್ಕೆ ಅಡ್ಡವಾಗಿ ತೆಂಗಿನ ಗರಿಯ ಮಡಲೊಂದು ಬಿದ್ದಿತ್ತು. ಗಾಳಿಗೆ ಬೀಳುವಾಗ ಅದು ಕರೆಂಟಿನ ತಂತಿಯನ್ನೂ ಕೆಳಗೆ ಎಳೆದುಕೊಂಡಿದ್ದು ಯಾರಿಗೂ ಕಾಣಲಿಲ್ಲ.

“ಇರಿ, ಇದನ್ನು ಬದಿಗೆ ಹಾಕ್ತೇನೆ” ಎಂದು ಗುರ್ಕಾರರು ಕೊಡೆಯನ್ನು ನನ್ನ ಕೈಗೆ ಕೊಟ್ಟು ನೀರಿಗೆ ಇಳಿದರು.

ಅವರ ಬೆನ್ನು ಸೆಟೆಯಿತು. ಕುಸಿಯುವಾಗ ಬಲಗೈ ನಮ್ಮ ಕಡೆಗೆ ಎದ್ದಿತು, ಅಂಗೈ ಬಿಚ್ಚಿಕೊಂಡಿತ್ತು. ಅವರ ಹಿಂದೆಯೇ ಇದ್ದ ನಾನು ಆ ಕೈ ನೋಡಿ ನಿಂತೆ. ಯಾರೋ “ಅಂಕಲ್!” ಎಂದು ನನ್ನನ್ನು ದಾಟಿ ಓಡಿದಾಗ ಅಂಗಿ ಹಿಡಿದು ಎಳೆದೆ. “ಮುಟ್ಟಬೇಡಿ! ಯಾರೂ ಮುಟ್ಟಬೇಡಿ!” ಎಂದು ಕಿರುಚಿದ್ದು ನನ್ನದೇ ದನಿ. ಫೋನ್ ಮಾಡಿ ಕರೆಂಟು ತೆಗೆಸುವವರೆಗೆ ನಾವೆಲ್ಲ ನೀರಿನ ಅಂಚಿನಲ್ಲಿ ನಿಂತಿದ್ದೆವು. ಸೋತ ಕೈಯನ್ನು ಹಿಡಿಯಬೇಕೆಂದು ಕಲಿಸುತ್ತಿದ್ದವಳು, ಆ ಕೈಯನ್ನು ಯಾರೂ ಹಿಡಿಯದಂತೆ ಕಾದೆ. ಹಾಗೆ ಮಾಡಿದ್ದು ಸರಿಯೇ. ಸರಿ ಎಂದು ಗೊತ್ತಿದ್ದೂ ಎದೆ ಹಗುರವಾಗುವುದಿಲ್ಲ.

ಮಣ್ಣು ಮಾಡುವ ದಿನ ಫಾದರ್, ಕುರುಬ ಕೊನೆಯ ಕ್ಷಣದಲ್ಲಿ ಕೈ ಎತ್ತಿ ಮಂದೆಯನ್ನು ಉಳಿಸಿದ ಎಂದರು. ಎಲ್ಲರೂ ಅತ್ತರು. ಆಮೇಲೆ ನನ್ನನ್ನು ಕರೆದು, “ವಾರ್ಡನ್ನು ನೀವೇ ನೋಡಿಕೊಳ್ಳಿ. ತರಗತಿಯಲ್ಲಿ ಆ ಕೈಯ ವಿಷಯ ಹೇಳಿ, ಅದಕ್ಕಿಂತ ದೊಡ್ಡ ಪಾಠ ಎಂತ ಉಂಟು?” ಎಂದರು. ಗುರ್ಕಾರರು ಹೋದಂದಿನಿಂದ ನಿಂತಿದ್ದ ತರಗತಿಯನ್ನು ನಾನು ಮತ್ತೆ ಶುರು ಮಾಡಲಿಲ್ಲ. ಕರೆಂಟು ಹರಿದರೆ ಸ್ನಾಯು ತನ್ನಷ್ಟಕ್ಕೇ ಸೆಳೆದುಕೊಳ್ಳುತ್ತದೆ ಎಂದು ತಿಳಿದವಳು ನಾನು. ಆ ಕೈಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಒಮ್ಮೆ ಅದು ನಮ್ಮನ್ನು ತಡೆಯುತ್ತದೆ, ಒಮ್ಮೆ ಬರೀ ಅದುರುತ್ತದೆ.

ಸೆಪ್ಟೆಂಬರಿನಲ್ಲಿ ಮಾತೆ ಮರಿಯಳ ಹುಟ್ಟುಹಬ್ಬ ಬಂತು. ಅಂದು ಚರ್ಚಿನಲ್ಲಿ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ, ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ ಕೊಡುತ್ತಾರೆ. ಗಲ್ಫಿನಲ್ಲಿ ಇರುವವರ ಪಾಲೂ ಅದರಲ್ಲಿ ಸೇರುತ್ತದೆ. ಚರ್ಚಿಗೆ ಬಾರದವರಿಗೆ ಗುರ್ಕಾರರು ಮನೆಗೇ ಒಯ್ದು ಕೊಡಬೇಕು. ಈಗ ಆ ಕೆಲಸ ನನ್ನದು. ಆ ವರ್ಷ ಬಾರದೆ ಇದ್ದವರು ತೀರಿಕೊಂಡ ಗುರ್ಕಾರರ ಹೆಂಡತಿ. ಮನೆ ಇದ್ದದ್ದು ತಗ್ಗಿನ ಆಚೆ.

ನೀರಿತ್ತು. ತೆನೆಗಳನ್ನು ಎದೆಗೆ ಒತ್ತಿ ನಿಂತೆ. ಆಮೇಲೆ ಗೋಡೆ ಹಿಡಿದು, ಬದಿಯ ಕಲ್ಲುಗಳ ಮೇಲೆ ಕಾಲಿಡುತ್ತ ದಾಟಿದೆ.

“ಕೂತುಕೋ” ಎಂದರು ಆಂಟಿ. “ನೀನೇ ಹತ್ತಿರ ಇದ್ದದ್ದು. ಅವರು ಕೈ ಎತ್ತಿದ್ದು ಹೌದಾ? ಫಾದರ್ ಚಂದ ಹೇಳಿದ್ರು. ನನಗೆ ಚಂದದ್ದು ಬೇಡ.”

“ಕೈ ಮೇಲೆ ಹೋಯಿತು ಆಂಟಿ. ಅವರೇ ಎತ್ತಿದ್ದಾ, ಕರೆಂಟಾ, ನನಗೆ ಗೊತ್ತಿಲ್ಲ. ಅದನ್ನು ನೋಡಿ ನಾನು ನಿಂತೆ. ಅದೊಂದು ಗೊತ್ತುಂಟು.”

ಅವರು ಸೆರಗಿನ ತುದಿ ಮಡಚುತ್ತ ಕೇಳಿದರು.

“ಎಲ್ಲರಿಗಿಂತ ಮುಂದೆ ಇದ್ದದ್ದು ಅವರೇ ಅಲ್ವಾ?”

“ಹೌದು.”

“ಮತ್ತೆ ಕೈಯದ್ದು ಎಂತ ಕತೆ? ಆ ಮನುಷ್ಯನಿಗೆ ಹಿಂದೆ ನಡೆದು ಗೊತ್ತೇ ಇಲ್ಲ. ಮದುವೆ ದಿನ ನನ್ನನ್ನು ಅಲ್ತಾರಿನ ಪೀಠದ ಹತ್ತಿರವೇ ಬಿಟ್ಟು ಬಾಗಿಲಿಗೆ ಹೋಗಿ ನಿಂತಿದ್ರು. ಫೋಟೋದಲ್ಲಿ ನಾನೊಬ್ಬಳೇ, ಸೀರೆ ಎತ್ತಿ ಹಿಡಿದುಕೊಂಡು ಹಿಂದಿನಿಂದ ಓಡುವುದು!” ಅವರು ನಕ್ಕರು. ನಗು ಮುಗಿಯುವ ಮೊದಲೇ ಸೆರಗು ಬಾಯಿಗೆ ಹೋಯಿತು.

“ತರಗತಿಯಲ್ಲಿ ಇಷ್ಟನ್ನೇ ಹೇಳಲಾ?” ಎಂದು ಕೇಳಿದೆ.

“ಗೊತ್ತಿದ್ದದ್ದನ್ನು ಹೇಳು.”

ಏಳುವಾಗ ತೆನೆ ಎಷ್ಟು ಎಂದು ಕೇಳಲು ಬಾಯಿ ಬರಲಿಲ್ಲ. ಆ ಮನೆಗೆ ಮೂರು ಎಂಬ ಹಳೆಯ ಲೆಕ್ಕದಲ್ಲೇ ಬೇರೆ ಮಾಡಿ ಹಿಡಿದಿದ್ದೆ. ಅವರು ನೋಡಿದರು. ಒಂದನ್ನು ಗಲ್ಫಿನ ಮಗಳಿಗೆಂದು ಎತ್ತಿಟ್ಟು, ಒಂದನ್ನು ತನಗೆ ಇಟ್ಟುಕೊಂಡರು. ಮೂರನೆಯದನ್ನು ವಾಪಸು ಕೊಡಲಿಲ್ಲ. ಬಾಗಿಲ ಹಿಂದೆ ತೂಗುತ್ತಿದ್ದ, ಮಣ್ಣು ಮಾಡಿದ ದಿನ ನಾನು ಮರಳಿಸಿದ್ದ ಗುರ್ಕಾರರ ಕೊಡೆಯ ಮಡಿಕೆಯೊಳಗೆ ಮೆಲ್ಲಗೆ ಸಿಕ್ಕಿಸಿದರು.