ಬದುಕಿರುವವರಿಗೆ ಇಷ್ಟು ದೊಡ್ಡ ಫೋಟೊ ಯಾಕೆ?

ಕಳೆದ ಭಾನುವಾರ ನಮ್ಮ ದೊಡ್ಡಪ್ಪ ಕೆ.ಆರ್. ಪೇಟೆ ಬಸ್ಸಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರು ಶೀಳನೆರೆಯ ಮನೆಯ ಹಿತ್ತಲಿನಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು.

ಗಾಬರಿಯಾಗಬೇಡಿ. ದೊಡ್ಡಪ್ಪ ಇದ್ದಾರೆ. ಬಸ್ಸಿನಲ್ಲಿ ಅವರನ್ನು ಸಾಯಿಸಿದ್ದು ನನ್ನ ತೊಡೆಯ ಮೇಲಿದ್ದ ಒಂದು ಫೋಟೊ. ನ್ಯೂಸ್‌ಪೇಪರ್ ಸುತ್ತಿ, ದಾರ ಕಟ್ಟಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಕಿಟಕಿಯ ಗಾಳಿಗೆ ಪೇಪರ್ ಹರಿದು ದೊಡ್ಡಪ್ಪನ ಅರ್ಧ ಮುಖ ಈಚೆ ಬಂತು. ಪಕ್ಕದ ಸೀಟಿನಲ್ಲಿದ್ದವರು ಸಿಂಧಘಟ್ಟದ ಪುಟ್ಟತಾಯಮ್ಮ, ನಮಗೆ ದೂರದ ನೆಂಟರು. ಬಗ್ಗಿ ನೋಡಿದವರೇ ಸೆರಗನ್ನು ಬಾಯಿಗೆ ಹಿಡಿದರು.

"ಅಯ್ಯೋ, ಯಾವತ್ತಪ್ಪಾ ಒಂಟೋದ್ರು? ನಮ್ಗೊಂದ್ ಮಾತು ಯೋಳ್ಲಿಲ್ವಲ್ಲ."

ಹಿಂದಿನ ಸೀಟಿನ ಹಿರಿಯರೊಬ್ಬರು "ಭಾಳಾ ಒಳ್ಳೆ ಮನ್ಸ" ಎಂದರು. (ಅವರಿಗೆ ದೊಡ್ಡಪ್ಪನ ಪರಿಚಯವೇ ಇರಲಿಲ್ಲ.) ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಕೂಡ ಫೋಟೊಗೆ ಕೈಮುಗಿದು ಮುಂದೆ ಹೋದರು.

"ಇಲ್ಲ ಕಣಮ್ಮ, ಅವ್ರು ಬದುಕವ್ರೆ. ಚೆನ್ನಾಗೇ ಅವ್ರೆ" ಎಂದೆ.

ಪುಟ್ಟತಾಯಮ್ಮ ಸಮಾಧಾನಪಟ್ಟರೆ? ಇಲ್ಲ, ಸಿಟ್ಟಾದರು. "ಬದ್ಕಿರೋರ್ಗೆ ಇಷ್ಟ್ ದೊಡ್ಡ ಫೋಟ ಯಾಕ್ ಮಾಡ್ಸಿದ್ಯಪ್ಪಾ?"

ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ಫೋಟೊದ ಅಳತೆಗೆ ಒಂದು ಅರ್ಥವಿದೆ. ಬದುಕಿರುವವರು ಪಾಸ್‌ಪೋರ್ಟ್ ಸೈಜಿನಲ್ಲಿ ಇರಬೇಕು, ಇಲ್ಲವೇ ಮದುವೆ ಆಲ್ಬಮ್ಮಿನಲ್ಲಿ ಹತ್ತು ಜನರ ನಡುವೆ ನಿಂತಿರಬೇಕು. ಒಬ್ಬರದೇ ಮುಖ, ಅದೂ ಗೋಡೆಗೆ ಒರಗಿಸಿಡುವಷ್ಟು ದೊಡ್ಡದಾಗಿ ಬಂತೆಂದರೆ ಮುಂದಿನದು ಹಾರ, ಊದುಬತ್ತಿ, ತಿಥಿ ಊಟ. (ಫ್ಲೆಕ್ಸ್‌ಗಳಲ್ಲಿ ಕೈಮುಗಿದು ನಿಂತಿರುವ ಮುಖಂಡರು ಮಾತ್ರ ಈ ನಿಯಮಕ್ಕೆ ಹೊರತು. ಅವರಿಗೆ ಯಾವ ನಿಯಮ ತಾನೇ ಅನ್ವಯಿಸಿದೆ?)

ಇಷ್ಟಕ್ಕೆಲ್ಲ ಕಾರಣ ಒಂದು ಪ್ರಿಂಟರು.

ನನಗೆ ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು. ರಜೆ ಸಿಕ್ಕರೆ ಸಾಕು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಪಾಂಡವಪುರದಿಂದ ಪಾಲಹಳ್ಳಿಯ ಗದ್ದೆಬಯಲಿಗೆ ಸ್ಕೂಟರ್ ಓಡಿಸುವವನು ನಾನು. ತೆಗೆದ ಫೋಟೊಗಳೆಲ್ಲ ಹಾರ್ಡ್ ಡಿಸ್ಕಿನಲ್ಲಿ ಕೊಳೆಯುತ್ತಿವೆ. ಮನೆಯಲ್ಲೇ ದೊಡ್ಡದಾಗಿ ಪ್ರಿಂಟ್ ಹಾಕಬೇಕೆಂಬ ಆಸೆ ಹುಟ್ಟಿ, ಯುಗಾದಿಯಿಂದ ಪ್ರಿಂಟರ್ ಹುಡುಕುತ್ತಿದ್ದೇನೆ. ಹದಿಮೂರು ಇಂಚು ಅಗಲದ ಕಾಗದ ಹಿಡಿಯುವುದು ಒಂದು. ಹದಿನೇಳು ಇಂಚಿನದು ಇನ್ನೊಂದು. ಯಾವುದನ್ನು ಆರಿಸಲಿ? ಯೂಟ್ಯೂಬಿನಲ್ಲಿ ಒಬ್ಬ ಪುಣ್ಯಾತ್ಮ ಬರೀ ಕಪ್ಪು ಇಂಕಿನ ಬಗ್ಗೆಯೇ ಮುಕ್ಕಾಲು ಗಂಟೆ ಮಾತಾಡಿದ್ದಾನೆ. ನಾನು ಪೂರ್ತಿ ನೋಡಿದೆ. ಕಪ್ಪಿನಲ್ಲಿ ಇಷ್ಟು ಬಗೆ ಇವೆಯೆಂದು ಗೊತ್ತಿಲ್ಲದೆ ಇಷ್ಟು ವರ್ಷ ಹೇಗೆ ಬದುಕಿದೆ? ಆಗಾಗ ಒಂದಾದರೂ ಪ್ರಿಂಟ್ ತೆಗೆಯದಿದ್ದರೆ ಇಂಕು ಒಣಗಿ ಪ್ರಿಂಟರಿನ ಮೂಗು ಕಟ್ಟುತ್ತದಂತೆ. ಮನೆಗೆ ಇನ್ನೊಂದು ಜೀವ ಬಂದ ಹಾಗೆಯೇ ಲೆಕ್ಕ.

ನನ್ನ ಹೆಂಡತಿ ಸುಧಾ ಟೇಪು ಹಿಡಿದು ರೂಮಿನ ಅಳತೆ ನೋಡಿದಳು. "ಇದನ್ನ ಡೆಸ್ಕ್‌ಟಾಪ್ ಪ್ರಿಂಟರ್ ಅಂತಾರಾ? ಯಾರ ಮನೆ ಡೆಸ್ಕು? ನೀವು ಮಂಚ ಬಿಟ್ಟುಕೊಡೋದಾದ್ರೆ ತನ್ನಿ" ಎಂದಳು.

ಆಗ ಫೋನ್ ಮಾಡಿದವನು ಮಂಜಣ್ಣ. ಕೆ.ಆರ್. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ. ಎರಡೂ ಅಳತೆಯ ಮಷೀನು ಅವನ ಹತ್ತಿರ ಇವೆ. "ಸುಮ್ನೆ ಯೂಟ್ಯೂಬ್ ನೋಡ್ಕಂಡ್ ಕೂತ್ಕಬ್ಯಾಡಿ ಸಾ. ನಿಮ್ದೇ ಒಂದ್ ಫೋಟೊ ತನ್ನಿ. ಎರಡ್ರಲ್ಲೂ ಆಕ್ಕೊಡ್ತೀನಿ, ಕಣ್ಣಾರೆ ನೋಡಿ ತೀರ್ಮಾನ ಮಾಡ್ಕಳಿ" ಎಂದ.

ಮಿಂಚುಳ್ಳಿಯದೊಂದು ಒಳ್ಳೆಯ ಫೋಟೊ ಇತ್ತು. ಅದನ್ನೇ ಒಯ್ಯೋಣ ಅಂದುಕೊಂಡೆ. ಅಷ್ಟರಲ್ಲಿ ಶೀಳನೆರೆಗೆ ಹೋಗಿ ಬರಬೇಕಾಯಿತು.

ಅಲ್ಲಿ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ ಇದ್ದಾರೆ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣಿನ ನಡುಭಾಗವನ್ನು ತಿಂದುಹಾಕಿದೆ. ಅಂಚಿನಲ್ಲಿರುವುದು ಒಂದಿಷ್ಟು ಕಾಣುತ್ತದೆ, ನೇರ ನೋಡಲು ಹೋದರೆ ಮಾಯವಾಗುತ್ತದೆ. ಈ ಉಳಿದ ನೋಟವೂ ಎಷ್ಟು ದಿನವೋ ಹೇಳಲಾಗದು ಎಂದಿದ್ದಾರೆ ಡಾಕ್ಟರು. ಅವತ್ತು ಅವರ ಕೈ ಹಿಡಿದುಕೊಂಡು ಬಸ್‌ಸ್ಟಾಪಿನ ಪಕ್ಕದ ಅಂಗಡಿಗೆ ಹೋಗಿದ್ದೆ. ಅಲ್ಲೊಂದು ಹುಟ್ಟುಹಬ್ಬದ ಫ್ಲೆಕ್ಸ್. ದೊಡ್ಡವ್ವ ಅದರ ಹತ್ತಿರ ನಿಂತು ತಲೆ ಓರೆ ಮಾಡಿದರು.

"ಇವ್ನು ಮೀಸೆ ಬುಟ್ಟವ್ನೆ ಅಲ್ವೇನಪ್ಪಾ?"

ನಾನು ಬೆರಗಾದೆ. "ಕಾಣ್ತದಾ ದೊಡ್ಡವ್ವಾ?"

"ಇಷ್ಟ್ ದೊಡ್ಡುದಾದ್ರೆ ಕಾಣ್ತದೆ. ಕಂಡೋರ್ ಮೊಕ ಎಲ್ಲಾ ಕಾಣ್ತದೆ, ನಿಮ್ ದೊಡ್ಡಪ್ಪುನ್ ಮೊಕ ಕಾಣಾಕಿಲ್ಲ. ಮಾತು ಕೇಳ್ತದೆ, ಮೊಕಾನೇ ಇಲ್ಲ. ಕಣ್ಣು ಪೂರಾ ಓಗಾಕ್ ಮುಂಚೆ ಒಂದ್ ಕಿತ ನೋಡ್ಬೇಕು ಕಣಪ್ಪ."

ಅದನ್ನು ಅವರು ದುಃಖದಿಂದೇನೂ ಹೇಳಲಿಲ್ಲ. ಅಂಗಡಿಯಲ್ಲಿ ಬೆಲ್ಲ ಬೇಕು ಎನ್ನುವಂತೆ ಹೇಳಿದರು. ಮಿಂಚುಳ್ಳಿಯ ವಿಚಾರ ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ದೊಡ್ಡಪ್ಪನನ್ನು ಜಗಲಿಯ ಮೇಲೆ ಕೂರಿಸಿದೆ. "ಯಾಕ್ಲಾ, ನನ್ ತಿಥಿಗಾ?" ಎಂದು ಮುಖ ಗಂಟು ಹಾಕಿಕೊಂಡರು. ಆ ಗಂಟಿನ ಸಮೇತ ಫೋಟೊ ತೆಗೆದೆ.

ಭಾನುವಾರ ಮಂಜಣ್ಣ ಮೊದಲು ಹದಿಮೂರು ಇಂಚಿನ ಮಷೀನಿನಲ್ಲಿ, ಮಿರಮಿರ ಹೊಳೆಯುವ ಗ್ಲಾಸಿ ಕಾಗದದಲ್ಲಿ ಹಾಕಿಕೊಟ್ಟ. ಅದರಲ್ಲಿ ಬಂದವರು ಯಾರೋ ರಿಟೈರ್ಡ್ ಸಿನಿಮಾ ಹೀರೊ. ಬೆಳ್ಳಗೆ, ನುಣ್ಣಗೆ, ಕೆನ್ನೆ ತುಂಬಿಕೊಂಡು ಚೆನ್ನಾಗಿದ್ದರು. ನಮ್ಮ ದೊಡ್ಡಪ್ಪ ಮಾತ್ರ ಆಗಿರಲಿಲ್ಲ.

"ಏನ್ ಮಾಡ್ದೆ ಮಂಜಣ್ಣ?"

"ಅಭ್ಯಾಸ ಸಾ, ಕೈ ತಡೀನಿಲ್ಲ" ಎಂದು ತಲೆ ಕೆರೆದುಕೊಂಡ. "ಸುಕ್ಕು ತಗ್ದು, ಕೆನ್ನೆ ತುಂಬ್ಸಿ, ಒಸಿ ಬೆಳ್ಳಗ್ ಮಾಡ್ದಿದ್ರೆ ಜನ ಒಪ್ಪಾಕಿಲ್ಲ."

ಅವನ ತಪ್ಪಲ್ಲ. ಸತ್ತವರನ್ನು ಚಂದ ಮಾಡಿ ಕಳಿಸುವುದೇ ನಮ್ಮೂರ ಸ್ಟುಡಿಯೋಗಳ ಕೆಲಸ. ಆದರೆ ದೊಡ್ಡವ್ವ ನೋಡಬೇಕಾಗಿದ್ದು ತಮ್ಮ ಗಂಡನನ್ನು. ಮುಖವನ್ನು ಇದ್ದ ಹಾಗೇ ಹಾಕು ಎಂದೆ. ಗ್ಲಾಸಿಯೂ ಬೇಡ. ಸ್ಟೀಲ್ ತಟ್ಟೆ ಹೊಳೆದರೂ ದೊಡ್ಡವ್ವ ಮುಖ ತಿರುಗಿಸುತ್ತಾರೆ, ಹೊಳಪಿಲ್ಲದ ಮ್ಯಾಟ್ ಕಾಗದವೇ ಇರಲಿ. ಮಷೀನು? ಹದಿನೇಳು ಇಂಚಿನದು. ಯುಗಾದಿಯಿಂದ ಆಗದ ತೀರ್ಮಾನ ಒಂದು ನಿಮಿಷದಲ್ಲಿ ಆಗಿಹೋಯಿತು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಮಷೀನು ಕಾಗದವನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡಿತು. ಒಳಗೆ ಏನೋ ಅತ್ತಿಂದಿತ್ತ ಓಡಾಡುವ ಸದ್ದು. ಮೊದಲು ಬರೀ ಬಿಳಿ. ಆಮೇಲೆ ನೆರೆತ ಕೂದಲು ಎಳೆ ಎಳೆಯಾಗಿ ಬಂತು. ಹಣೆ ಬಂತು. ಹಣೆಯ ಮೇಲಿನ ಗೆರೆಗಳು ಒಂದೊಂದಾಗಿ ಬಂದವು. ಹುಬ್ಬು ಬಂತು, ಕಣ್ಣು ಬಂತು. ಕಣ್ಣೊಳಗೆ ಜಗಲಿಯ ಕಂಬ ಇತ್ತು, ಕಂಬದ ಪಕ್ಕ ಸಾಸಿವೆಯಷ್ಟು ಸಣ್ಣಗೆ ಕ್ಯಾಮೆರಾ ಹಿಡಿದ ನಾನಿದ್ದೆ. ನಾನು ಹುಟ್ಟಿದಾಗಿನಿಂದ ನೋಡಿದ ಮುಖ ಅದು. ಅದರಲ್ಲಿ ಇಷ್ಟೆಲ್ಲ ಇತ್ತೆ? ಕಣ್ಣಿಗೇ ಕಾಣದಷ್ಟು ಸಣ್ಣ ಇಂಕಿನ ಹನಿಗಳು ಜಾಗ ತಪ್ಪದೆ ಕೂತು ಕೂತು ಒಬ್ಬ ಮನುಷ್ಯನಾಗುತ್ತಿದ್ದವು. ಮಂಜಣ್ಣ ಕೂಡ ಬಗ್ಗಿ ನೋಡುತ್ತ ನಿಂತಿದ್ದ. ದಿನಾ ಇದೇ ಕೆಲಸ ಮಾಡುವವನು ಅನ್ನುವುದನ್ನು ಗಮನಿಸಿ.

ಸುರುಳಿಯಾಗದಿರಲಿ ಎಂದು ಅದನ್ನು ಹಗುರವಾದ ರಟ್ಟಿನಂಥ ಫೋಮ್ ಬೋರ್ಡಿಗೆ ಅಂಟಿಸಿಕೊಟ್ಟ. ಅದನ್ನು ಹಿಡಿದು ಶೀಳನೆರೆಗೆ ಬಸ್ ಹತ್ತಿದೆ. ಆಮೇಲಿನ ಕಥೆ ನಿಮಗೆ ಗೊತ್ತು.

ಗೊತ್ತಿಲ್ಲದ್ದು ಒಂದಿದೆ. ಬಸ್ಸಿನಲ್ಲಿ ಅರ್ಧ ಮಾತು ಕೇಳಿಸಿಕೊಂಡ ಯಾರೋ ಊರಿಗೆ ಫೋನ್ ಮಾಡಿಬಿಟ್ಟಿದ್ದರು. ಮನೆಯಲ್ಲಿ ಫೋನ್ ಎತ್ತಿದ್ದು ದೊಡ್ಡಪ್ಪನೇ. ತಾವು ಸತ್ತ ಸುದ್ದಿಯನ್ನು ಪೂರ್ತಿ ಕೇಳಿಸಿಕೊಂಡು, "ಆಯ್ತು ಬುಡಪ್ಪ, ಮನೇರ್ಗೆ ಯೋಳ್ತೀನಿ" ಎಂದು ಇಟ್ಟಿದ್ದರು. ನಾನು ಹೊಸಿಲು ದಾಟುವ ಮೊದಲೇ ಅವರ ಬೈಗುಳ ಶುರುವಾಯಿತು. "ಇನ್ನೂ ಉಸ್ರಾಡ್ತಾವ್ನಿ ಕಣ್ಲಾ. ಅದ್ನ ಅಟ್ಟದ್ ಮ್ಯಾಕೆ ಮಡ್ಗು." ಸೊಸೆ ಪದ್ಮ ಓಡಿಬಂದು ಫೋಟೊಗೆ ಟವೆಲ್ ಹೊದಿಸಿದಳು. ಅಕ್ಕಪಕ್ಕದವರು ನೋಡಿದರೆ ಏನಂದುಕೊಂಡಾರು?

ದೊಡ್ಡವ್ವ ಮಾತ್ರ "ಇಲ್ ಕೊಡು" ಎಂದು ಕೈ ಚಾಚಿದರು.

ಜಗಲಿಯ ಬೆಳಕಿನಲ್ಲಿ ಫೋಟೊವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಮೂಗು ತಾಗುವಷ್ಟು ಹತ್ತಿರ ಹೋದರು. ತಲೆ ಓರೆ ಮಾಡಿ, ಕಣ್ಣಂಚಿನಿಂದ, ಮೇಲಿನಿಂದ ಕೆಳಕ್ಕೆ ಒಂದೊಂದೇ ಬೆರಳಗಲ ಹುಡುಕುತ್ತ ಬಂದರು. ಬೈಯುತ್ತಿದ್ದ ದೊಡ್ಡಪ್ಪನೂ ಕಂಬ ಹಿಡಿದು ನಿಂತುಬಿಟ್ಟರು.

"ಉಬ್ಬೆಲ್ಲ ಬೆಳ್ಳಗಾಗ್ಬುಟ್ಟವೆ" ಎಂದು ದೊಡ್ಡವ್ವ ನಕ್ಕರು. ಸ್ವಲ್ಪ ಹೊತ್ತಿನಲ್ಲೇ ಆ ನಗು ನಿಂತಿತು. ಬೆರಳು ಫೋಟೊದ ಎಡಗೆನ್ನೆಯ ಮೇಲಿತ್ತು.

"ಈ ಕೆನ್ನೆ ಯಾಕೆ ಒಳೀಕ್ ಒಂಟೋಗೈತೆ?"

"ನೆರಳು ಬಿದ್ದದೆ ದೊಡ್ಡವ್ವಾ" ಎಂದೆ, ಫೋಟೊಗ್ರಾಫರನ ಗತ್ತಿನಲ್ಲಿ.

"ನೆರಳಲ್ಲ ಕಣಪ್ಪ." ಗಂಡನ ಕಡೆ ತಿರುಗಿದರು. "ಏನೂಂದ್ರೆ, ಬನ್ನಿ ಇಲ್ಲಿ. ಬಾಯ್ ತಗೀರಿ."

ದೊಡ್ಡಪ್ಪ ಕದಲಲಿಲ್ಲ. ದೊಡ್ಡವ್ವನೇ ಎದ್ದು, ತಡಕಾಡಿಕೊಂಡು ಹೋಗಿ, ಅವರ ದವಡೆ ಹಿಡಿದು ಬೆರಳು ಹಾಕಿ ನೋಡಿದರು. ಎಡಗಡೆ ದವಡೆ ಹಲ್ಲು ಒಂದೂ ಇರಲಿಲ್ಲ. ಬಲಗಡೆಯವು ಅಲ್ಲಾಡುತ್ತಿದ್ದವು.

ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅದು ಮುದ್ದೆ ಉಣ್ಣುವ ಮನೆ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೆ? ದೊಡ್ಡಪ್ಪ ಎಲ್ಲರ ಹಾಗೆ ಮುರಿದು, ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಸಾರಿನಲ್ಲಿದ್ದ ಕಾಳನ್ನು ಮಾತ್ರ ತಟ್ಟೆಯಲ್ಲೇ ಉಳಿಸಿ, ಕೈ ತೊಳೆಯುವ ನೆಪದಲ್ಲಿ ಕಲಗಚ್ಚಿನ ಬಕೆಟ್ಟಿಗೆ ಸುರಿದು ಹಸುವಿನ ಮುಂದೆ ಇಡುತ್ತಿದ್ದರು. ಹಸು ಯಾರಿಗೂ ಹೇಳಿರಲಿಲ್ಲ.

"ಯಾಕ್ ಯೋಳ್ನಿಲ್ಲ?" ಎಂದು ದೊಡ್ಡವ್ವ ಕೇಳಿದರು.

ದೊಡ್ಡಪ್ಪ ಹೆಂಡತಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದರು. "ಕಣ್ ಓದ್ ಮ್ಯಾಕೆ ಅವ್ಳು ಎಲ್ಲಾ ಕೆಲ್ಸಾನೂ ಬುಟ್ಬುಟ್ಲು ಕಣ್ಲಾ. ಆ ಕಾಳ್ ಸಾರೊಂದ್ನ ಬುಟ್ಟಿಲ್ಲ. ಸೊಸೆಗೂ ಮಾಡಾಕ್ ಬುಡಾಕಿಲ್ಲ. ಅದೂ ನಂಗ್ ಆಗಾಕಿಲ್ಲ ಅಂತ ಎಂಗ್ಲಾ ಯೋಳ್ಲಿ?"

"ಯೋಳಿದ್ರೆ ರುಬ್ಬಿ ಆಕ್ತಿರ್ನಿಲ್ವಾ ನಾನು" ಎಂದರು ದೊಡ್ಡವ್ವ. ಕೈಯನ್ನು ಗಂಡನ ಕೆನ್ನೆಯಿಂದ ತೆಗೆದಿರಲಿಲ್ಲ.

ಆ ಮನೆಯಲ್ಲಿ ಕಣ್ಣಿಗೇನು ಬರವೆ? ಮಗ, ಸೊಸೆ ದಿನಾ ಎದುರಿಗೆ ಕೂತು ಉಣ್ಣುತ್ತಾರೆ. ನಾನು ಆ ಮುಖಕ್ಕೆ ಲೆನ್ಸ್ ಹಿಡಿದು ಫೋಕಸ್ ಮಾಡಿದವನು. ಮಂಜಣ್ಣನಂತೂ ಆ ಕೆನ್ನೆಯ ಗುಳಿಯನ್ನು ಕಂಪ್ಯೂಟರಿನಲ್ಲಿ ಕೈಯಾರೆ ತುಂಬಿಸಿದವನು. ನಾವೆಲ್ಲ ನೋಡಿದೆವು, ಯಾರಿಗೂ ಕಾಣಲಿಲ್ಲ. ನಾಳೆಯೂ ನೋಡಬಹುದು ಎಂಬ ಧೈರ್ಯ ಇರುವವರು ನೋಡುವುದೇ ಹಾಗೆ. ದೊಡ್ಡವ್ವನಿಗೆ ಆ ಧೈರ್ಯ ಇರಲಿಲ್ಲ. ನಾನು ಎಷ್ಟೋ ಹಕ್ಕಿಗಳ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದೇನೆ. ಒಬ್ಬರು ಇನ್ನೊಬ್ಬರನ್ನು ಹೀಗೆ ನೋಡಿದ್ದನ್ನು ಮಾತ್ರ ಈವರೆಗೆ ಕಂಡಿರಲಿಲ್ಲ.

ದೊಡ್ಡಪ್ಪ ಗೊಣಗುತ್ತಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾರೆ. ಕಾಳು ಸಾರು ನಿಂತಿಲ್ಲ, ಈಗ ರುಬ್ಬಿದ ಕಾಳಿನಲ್ಲಿ ಕುದಿಯುತ್ತಿದೆ. ಫೋಟೊ ಗೋಡೆಗೆ ಏರಿಲ್ಲ, ಏರುವ ಹಾಗೂ ಇಲ್ಲ. ದೊಡ್ಡವ್ವನ ಮಂಚದ ಪಕ್ಕ ಟವೆಲ್ ಹೊದ್ದು ನಿಂತಿದೆ. ಬಿಸಿಲು ಬಂದಾಗ ದೊಡ್ಡವ್ವ ಅದನ್ನು ಜಗಲಿಗೆ ತರಿಸಿಕೊಳ್ಳುತ್ತಾರಂತೆ, ದೊಡ್ಡಪ್ಪ ಪಕ್ಕದಲ್ಲೇ ಕೂತಿರುತ್ತಾರಂತೆ.

ನಾನು ಹದಿನೇಳು ಇಂಚಿನ ಪ್ರಿಂಟರಿಗೆ ಆರ್ಡರ್ ಹಾಕಿದ್ದೇನೆ. ಮೊದಲ ಪ್ರಿಂಟು ನಿನ್ನ ಮುಖದ್ದೇ, ಇದ್ದದ್ದು ಇದ್ದ ಹಾಗೆ ಎಂದು ಸುಧಾಗೆ ಹೇಳಿದೆ. ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಬರಲಿಲ್ಲ. "ನಂದು ಬೇಡ ಬಿಡಿ" ಎಂದವಳೇ ಮುಖ ಆ ಕಡೆ ತಿರುಗಿಸಿಕೊಂಡು ಒಳಗೆ ಹೋದಳು.

ನಾನು ಏನನ್ನು ನೋಡದೆ ಬಿಟ್ಟಿದ್ದೇನೆ?