ಬಾಗಿಲು ತೆರೆದ ಬಸ್ಸು

ಕಾಲೇಜ್ ಬಸ್ಸಿನ ಡ್ರೈವರ್‌ಗೆ ಹುಡುಗ್ರು ಇಟ್ಟ ಹೆಸರು ನಿಧಾನಣ್ಣ. ಆಮೆ ಕೂಡ ಹಾರ್ನ್ ಹೊಡೆದು ಇವನನ್ನ ಹಿಂದೆ ಹಾಕುತ್ತೆ ಅಂತ ನಗೋರು. ಅವನಿಗೆ ಬೇಜಾರಿಲ್ಲ. ಮಾತು ಕಮ್ಮಿ, ಬ್ರೇಕು ಜಾಸ್ತಿ. ಹೊರಡೋ ಮುಂಚೆ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು, ಕಣ್ಣು ಮುಚ್ಚಿ, ಯೇಸುವಿಗೆ ಒಂದು ಮಾತು ಹೇಳಿ ಆಮೇಲೆ ಕೀ ತಿರುಗಿಸೋನು.

ಹಿಂದೆ ಲಾರಿ ಓಡಿಸೋವಾಗ ಕುಡಿತದಲ್ಲಿ ಮುಳುಗಿದ್ದ. ಆಗ ಕೈ ಹಿಡಿದು ಎತ್ತಿದೋನು ಯೇಸು ಅಂತ ಅವನ ನಂಬಿಕೆ. ಅದನ್ನ ಈ ಮಕ್ಕಳಿಗೂ ಹೇಳೋ ಆಸೆ ಹುಟ್ಟಿತು. ಆದ್ರೆ ಬಾಯಿಬಿಟ್ಟು ಹೇಳೋಕೆ ಬರಲ್ಲ. ಚರ್ಚಿನ ಹಾಡು, ಪಾದ್ರಿಗಳ ಪ್ರಸಂಗ ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿಸ್ಕೊಂಡು ಬಂದು ಬಸ್ಸಲ್ಲಿ ಹಚ್ಚಿದ. ಹೋಗ್ತಾ ಹಾಡು, ಬರ್ತಾ ಪ್ರಸಂಗ.

ಬಸ್ಸಲ್ಲಿ ನಾನಾ ದೇವರ ಮಕ್ಕಳು, ದೇವರೇ ಬೇಡ ಅನ್ನೋರೂ ಇದ್ರು. ಹಿಂದಿನ ಸೀಟಿನೋರು ಇಯರ್‌ಫೋನ್ ತುರುಕ್ಕೊಂಡ್ರು. ಮುಂದಿನ ಸೀಟಿನ ಹುಡುಗಿಗೆ ಅದೂ ಆಗ್ಲಿಲ್ಲ. ಬಸ್ಸು ಅಂದ್ರೆ ಅವಳಿಗೆ ವಾಂತಿ. ನಿಂಬೆಹಣ್ಣು ಮೂಸ್ತಾ, ರಸ್ತೆ ನೋಡ್ತಾ ಬರಬೇಕು. ಕಿವಿ ಮುಚ್ಚಿದ್ರೆ ತಲೆ ಇನ್ನೂ ತಿರುಗೋದು. ಅವಳ ಮನೆಯ ನಂಬಿಕೆ ಬೇರೆ. ಸ್ಪೀಕರ್ ಇದ್ದದ್ದು ಸರಿಯಾಗಿ ಅವಳ ತಲೆ ಮೇಲೆ.

ಒಂದು ದಿನ ಆ ಸೀಟು ಖಾಲಿ. ಮಾರನೇ ದಿನಾನೂ ಖಾಲಿ. ಆಮೇಲೊಂದು ಬೆಳಿಗ್ಗೆ ಸೇತುವೆ ಹತ್ರ ಕಂಡ್ಳು, ಬ್ಯಾಗು ಹೊತ್ತು ನಡ್ಕೊಂಡು ಹೋಗ್ತಿದ್ಳು. ಬಸ್ಸು ನಿಲ್ಲಿಸಿದ.

"ಹತ್ತಮ್ಮ. ಮೊದಲನೇ ಪೀರಿಯಡ್ ತಪ್ಪುತ್ತೆ."

"ದಿನಾ ತಪ್ತಿದೆ ಅಣ್ಣ. ಹೀಗೇ ಆದ್ರೆ ಹಾಜರಿ ಸಾಲ್ದೆ ಪರೀಕ್ಷೆಗೂ ಕೂರಿಸಲ್ಲ."

"ಮತ್ತೆ? ನನ್ನ ಮೇಲೆ ಕೋಪಾನಾ?"

"ನಿಮ್ಮ ಮೇಲಲ್ಲ, ನಿಮ್ಮ ದೇವರ ಮೇಲೂ ಅಲ್ಲ. ಏನಾದ್ರೂ ಪ್ರಶ್ನೆ ಕೇಳೋಣ ಅಂದ್ರೆ ಆ ಸ್ಪೀಕರ್ ಡಬ್ಬ ಬಾಯಿ ಮುಚ್ಚಲ್ಲ. ಇಳಿಯೋಣ ಅಂದ್ರೆ ಬಸ್ಸು ಓಡ್ತಿರುತ್ತೆ."

ಅಷ್ಟಂದು ನಡೆದೇ ಬಿಟ್ಳು. ಅವನು ಗೇರ್ ಹಾಕ್ತಾ ಅಂದ್ಕೊಂಡ: ಒಳ್ಳೇದು ಮಾಡಕ್ಕೆ ಹೋಗಿ ಒಂದು ಮಗುವಿನ ಓದಿಗೇ ಕಲ್ಲು ಹಾಕಿದ್ನಲ್ಲ!

ಸಂಜೆ ಹೆಂಡತಿಗೆ ಹೇಳಿದ. ಅವಳು ಹೊಲಿಗೆ ಮಿಷನ್ ನಿಲ್ಲಿಸಿದ್ಳು.

"ಅಲ್ರೀ, ನಾನು ಬೈಯೋವಾಗ ನೀವು ಎದ್ದು ಹೊರಗೆ ಹೋಗ್ತೀರಿ. ಆ ಮಗು ಎಲ್ಲಿಗೆ ಹೋಗ್ಬೇಕು? ಯೇಸು ಬಾಗಿಲು ತಟ್ಟೋನು ಕಣ್ರೀ, ಚಿಲಕ ಹಾಕೋನಲ್ಲ."

ಬೆಳಿಗ್ಗೆ ಪೆನ್‌ಡ್ರೈವ್ ಮನೇಲೇ ಉಳೀತು. ಸೇತುವೆ ಹತ್ರ ಇಂಜಿನ್ ಆಫ್ ಮಾಡಿ, ಕೆಳಗಿಳಿದು ಅವಳ ಮುಂದೆ ನಿಂತ.

"ತಪ್ಪಾಯ್ತಮ್ಮ. ಡಬ್ಬದ ಬಾಯಿ ಮುಚ್ಚಿಸಿದೀನಿ."

ಅವಳು ಯೋಚನೆ ಮಾಡ್ತಾ ನಿಂತ್ಳು. ಕಿಟಕಿಯಿಂದ ಒಬ್ಬ ಕೂಗಿದ: "ಹತ್ತು ತಾಯಿ! ಮೊದಲೇ ಆಮೆ, ಈಗ ಕಲ್ಲಾಗಿ ಕೂತಿದೆ!"

ಅವಳಿಗೆ ನಗು ಬಂತು. ಹತ್ತಿದ್ಳು.

ಆಮೇಲೆ ಅವನು ದೇವರ ಮಾತೇ ಎತ್ತಲಿಲ್ಲ. ಜ್ವರ ಬಂದೋರನ್ನ ಮನೆ ಬಾಗಿಲ ತನಕ ಬಿಟ್ಟು ಬರೋನು, ಮೊದಲಿನ ಹಾಗೇ ಕಣ್ಣು ಮುಚ್ಚಿ ಹೊರಡೋನು, ಅಷ್ಟೇ. ಪರೀಕ್ಷೆಗೆ ಕೂರೋ ಚೀಟಿ ಕೈಗೆ ಬಂದ ದಿನ, ಬೇರೆಯೋರು ಬಸ್ಸು ಹತ್ತೋ ಮುಂಚೆ, ಅವಳೇ ಕೇಳಿದ್ಳು.

"ಅಣ್ಣ, ಕಣ್ಣು ಮುಚ್ಕೊಂಡು ಏನು ಹೇಳ್ತೀರಿ?"

ಕೀ ಮೇಲಿದ್ದ ಕೈ ತೆಗೆದ. ಕೈ ಚಾಚಿ ಬಾಗಿಲು ಪೂರ್ತಿ ತೆರೆದ.

"ಸಾಕು ಅನ್ನಿಸಿದ್ರೆ ಇಳಿದ್ಬಿಡಮ್ಮ, ನಂಗೇನೂ ಬೇಜಾರಿಲ್ಲ. ಯೇಸಪ್ಪಾ, ಇವರೆಲ್ಲ ಒಬ್ಬೊಬ್ಬರ ಮನೆ ಕಣ್ಣು, ಜೋಪಾನ ಅಂತೀನಿ. ನಿಮ್ಮನೇಲಿ ಹೊರಡೋವಾಗ ಏನು ಹೇಳ್ತಾರೆ?"

ಅವಳು ಅಜ್ಜಿ ಹೇಳೋ ಮಾತು ಹೇಳಿದ್ಳು. ಅವನು ತಲೆ ಬಗ್ಗಿಸಿ ಪೂರ್ತಿ ಕೇಳಿಸ್ಕೊಂಡ.

"ಮುಂಚೆ ಲಾರಿ ಓಡಿಸೋವಾಗ ನಾನು ಹೀಗಿರ್ಲಿಲ್ಲ," ಅಂದ. ಅಂದು ಬಾಗಿಲ ಕಡೆ ನೋಡ್ದ.

ಬಾಗಿಲು ತೆರೆದೇ ಇತ್ತು. ಅವಳು ನಿಂಬೆಹಣ್ಣು ಮಡಿಲಿಗೆ ಹಾಕ್ಕೊಂಡು, ಕಾಲು ಮೇಲೆಳ್ಕೊಂಡು ಸರಿಯಾಗಿ ಕೂತ್ಳು.

"ಆಮೇಲೆ?"